ಸಭೆಗೆ ಬಾರದವರ ಅನುಮೋದನೆ

ಗ್ರೂಪಿಗೆ ಹಾಕುವ ಮೊದಲು ಆ ಪುಟವನ್ನು ನಾನು ಗಮನವಿಟ್ಟು ಓದಿರಲಿಲ್ಲ. ಬೆರಳು ಟೈಪ್ ಮಾಡಿತು, ತಲೆ ಬೇರೆಲ್ಲೋ ಇತ್ತು. ಮುಂಬೈಯ ನಮ್ಮ ಕನ್ನಡ ಸಂಸ್ಥೆಯ ಕಾರ್ಯದರ್ಶಿಗಳು ಪ್ರತಿ ಸಭೆಯ ನಡಾವಳಿಯನ್ನು ಕೈಯಲ್ಲಿ ಬರೆದು, ಫೋಟೊ ತೆಗೆದು ನನಗೆ ಕಳಿಸುತ್ತಾರೆ. ನಾನು ಆಫೀಸಿನಿಂದ ಬಂದು ಟೈಪ್ ಮಾಡಿ, ಪಿಡಿಎಫ್ ಮಾಡಿ, ಸದಸ್ಯರ ವಾಟ್ಸಾಪ್ ಗ್ರೂಪಿಗೆ ಬಿಡುತ್ತೇನೆ. ಈ ಪದ್ಧತಿ ಶುರು ಮಾಡಿದ್ದೇ ನಾನು. ಅದಕ್ಕೆ ಮೊದಲು ನಡಾವಳಿ ಪುಸ್ತಕ ಕಪಾಟಿನಲ್ಲಿ ಇರುತ್ತಿತ್ತು, ಕಪಾಟಿನ ಕೀಲಿಕೈ ಯಾರ ಹತ್ತಿರ ಇದೆ ಎಂದು ಹುಡುಕುವುದೇ ಒಂದು ಕೆಲಸವಾಗಿತ್ತು.

ಆ ಪಿಡಿಎಫ್ ಹೋಗಿ ಸ್ವಲ್ಪ ಹೊತ್ತಿಗೆ ಅವ್ವ ಒಲೆ ಆರಿಸಿ ನನ್ನ ಮುಂದೆ ಬಂದು ನಿಂತಳು. ಕೈಯಲ್ಲಿ ಅವಳ ಫೋನು.

“ಇದೇನ ಹಾಕೀದಿ? ನಮ್ಮ ಖೋಲಿ ಬಂದ್ ಮಾಡ್ತಾರಂತ? ಅದೂ ನಮ್ಮ ಮೇಸ್ತ್ರಿನ ಹೂಂ ಅಂದಾನಂತ?”

ಆಗ ಓದಿದೆ. ಠರಾವು ಹೀಗಿತ್ತು: ವಿಕ್ರೋಳಿಯ ಅಭ್ಯಾಸ ಕೇಂದ್ರವನ್ನು ಮುಚ್ಚಿ ಗೋರೆಗಾಂವಿನ ಹೊಸ ಹಾಲ್‌ಗೆ ಸ್ಥಳಾಂತರಿಸುವುದು. ಸೂಚಕರು, ಅಧ್ಯಕ್ಷರು. ಅನುಮೋದಕರು ಎಂಬಲ್ಲಿ ಮೇಸ್ತ್ರಿ ಕಾಕಾನ ಪೂರ್ತಿ ಹೆಸರು, ಊರಿನ ಹೆಸರಿನ ಸಮೇತ. ಸರ್ವಾನುಮತದಿಂದ ಅಂಗೀಕಾರ.

ಅವ್ವ ನಮ್ಮ ಖೋಲಿ ಎಂದಿದ್ದು ಸುಮ್ಮನೆ ಅಲ್ಲ. ವಿಕ್ರೋಳಿಯ ನಮ್ಮ ಚಾಳಿನ ಮನೆಗಳಲ್ಲಿ ಸಂಜೆ ಹೊತ್ತು ಟಿವಿ, ಕುಕ್ಕರ್, ಕುಡಿದು ಬಂದವರ ಗಲಾಟೆ ಎಲ್ಲ ಒಟ್ಟಿಗೆ ನಡೆಯುತ್ತವೆ. ಹುಡುಗಿಯರು ಓದಲು ಕೂರುವುದು ಆ ಬಾಡಿಗೆ ಖೋಲಿಯಲ್ಲೇ. ಟ್ಯೂಬ್‌ಲೈಟು, ಚಾಪೆ, ಒಬ್ಬ ಟೀಚರ್, ಒಳಗಿನಿಂದ ಹಾಕುವ ಚಿಲಕ. ನಾನು ಹತ್ತನೆಯದು ಪಾಸಾದದ್ದು ಅಲ್ಲಿಯೇ ಕೂತು. ಗೋರೆಗಾಂವಿಗೆ ಹೋಗಬೇಕೆಂದರೆ ಲೋಕಲ್ ಹಿಡಿದು ದಾದರಿಗೆ ಹೋಗಿ, ಸೇತುವೆ ಹತ್ತಿ, ವೆಸ್ಟರ್ನ್ ಲೈನಿನ ಗಾಡಿಗೆ ನುಗ್ಗಬೇಕು. ಸಂಜೆಯ ಆ ಗರ್ದಿಯಲ್ಲಿ ಎಂಟನೆಯ ಕ್ಲಾಸಿನ ಹುಡುಗಿಯನ್ನು ಯಾವ ತಾಯಿ ಕಳಿಸುತ್ತಾಳೆ? ಸ್ಥಳಾಂತರ ಎಂಬ ಪದ ಕಾಗದದ ಮೇಲೆ ಮಾತ್ರ. ನಮ್ಮ ಹುಡುಗಿಯರ ಪಾಲಿಗೆ ಅದು ಓದು ಮುಗಿದಂತೆ.

ಸಂಸ್ಥೆ ಚಿಕ್ಕದು. ಸಮಿತಿಯಲ್ಲಿ ಇರುವವರು ಹೆಚ್ಚಾಗಿ ಉಡುಪಿ ಕಡೆಯ ಹೋಟೆಲಿನವರು, ಒಳ್ಳೆಯ ಜನ, ಕೊಡುವ ಕೈ. ಅಧ್ಯಕ್ಷರ ಹೋಟೆಲ್ ಬೈಕುಲ್ಲಾದಲ್ಲಿ. ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲಿನ ಆ ಬಿಡುವಿನಲ್ಲಿ, ಹೋಟೆಲಿನ ಮಾಳಿಗೆಯಲ್ಲಿ ಸಭೆ. ನಮ್ಮ ಕಡೆಯಿಂದ, ಅಂದರೆ ಬಿಜಾಪುರ, ಕಲಬುರ್ಗಿ ಕಡೆಯ ಬಿಲ್ಡಿಂಗ್ ಕೆಲಸದವರ ಕಡೆಯಿಂದ, ಸಮಿತಿಯಲ್ಲಿ ಇರುವವರು ಇಬ್ಬರೇ. ಒಬ್ಬರು ಮೇಸ್ತ್ರಿ ಕಾಕಾ. ಇನ್ನೊಬ್ಬಳು ನಾನು, ಸಹ ಕಾರ್ಯದರ್ಶಿ. ಕಂಪ್ಯೂಟರ್ ಬರುತ್ತದೆ ಎಂಬುದೇ ನನ್ನ ಅರ್ಹತೆ. ಉಳಿದದ್ದನ್ನು ನಾನೇ ಕಲಿತೆ. ಟ್ರಸ್ಟ್ ನಡೆಸುವುದು ಹೇಗೆ, ಆಡಿಟ್ ಅಂದರೇನು, ದೇಣಿಗೆ ರಸೀದಿಯಲ್ಲಿ ಏನಿರಬೇಕು ಎಂದು ಲೋಕಲ್‌ನಲ್ಲಿ ನಿಂತುಕೊಂಡು ಯೂಟ್ಯೂಬ್ ನೋಡಿದೆ. ಬೇರೆ ಸಂಸ್ಥೆಗಳ ನಿಯಮಾವಳಿ ಇಳಿಸಿಕೊಂಡು ಓದಿದೆ. ಇದರಲ್ಲಿ ಒಂದು ತೊಂದರೆಯೂ ಇದೆ. ಇಂಥ ವಿಡಿಯೊಗಳಲ್ಲಿ ಅರ್ಧಕ್ಕರ್ಧ ವಂಚನೆಯ ಬಗ್ಗೆಯೇ ಇರುತ್ತವೆ. ನೋಡಿ ನೋಡಿ ನನಗೆ ಚಹಾದ ಬಿಲ್ಲಿನಲ್ಲೂ ವಾಸನೆ ಬರತೊಡಗಿತ್ತು.

ಆ ಸಭೆಗೆ ನಾನು ಹೋಗಿರಲಿಲ್ಲ, ಆಫೀಸಿನಲ್ಲಿ ರಜೆ ಸಿಕ್ಕಿರಲಿಲ್ಲ. ಹಾಗಾಗಿ ಮೊದಲು ನನಗೆ ನಾನೇ ಪ್ರಶ್ನೆ ಹಾಕಿಕೊಂಡೆ. ಗೋರೆಗಾಂವಿನ ಆ ಹಾಲ್ ಯಾರದು? ಗ್ರೂಪಿನಲ್ಲಿ ಹಿಂದಿನ ಮೆಸೇಜು ತಿರುವಿದೆ. ಅಧ್ಯಕ್ಷರ ಭಾವನವರ ಬಿಲ್ಡಿಂಗು. ಬಾಡಿಗೆ ಬೇಡ ಎಂದಿದ್ದಾರಂತೆ. ಮುಂಬೈಯಲ್ಲಿ ಯಾರಾದರೂ ಹಾಲ್ ಪುಕ್ಕಟೆ ಕೊಡುತ್ತಾರೆಯೇ? ಸಂಸ್ಥೆಯ ಬೋರ್ಡು ತಗುಲಿಸಿದರೆ ಅವರಿಗೇನು ಲಾಭ? ಮತ್ತೆ ಮೇಸ್ತ್ರಿ ಕಾಕಾ. ಕಾಕಾನ ಸಣ್ಣ ಮಗಳು ಅದೇ ಖೋಲಿಯಲ್ಲಿ ಓದುತ್ತಾಳೆ, ಈ ಸಲ ಹತ್ತನೆಯದು. ತನ್ನ ಮಗಳ ಖೋಲಿಯನ್ನೇ ಮುಚ್ಚಲು ಹೂಂ ಎನ್ನಬೇಕಾದರೆ ಅವನಿಗೆ ಏನು ಸಿಕ್ಕಿರಬೇಕು?

ಮರುದಿನ ಬೆಳಿಗ್ಗೆ ಕಾರ್ಯದರ್ಶಿಗಳ ಫೋನು.

“ನೋಟಿಸ್ ಹೋಯ್ತಾ ಮಾರಾಯ್ತಿ? ಖೋಲಿಯ ಮಾಲಕನಿಗೆ ಒಂದು ತಿಂಗಳ ಮೊದಲು ತಿಳಿಸ್ಬೇಕು ಅಂತ ಅಗ್ರಿಮೆಂಟಲ್ಲಿ ಉಂಟು.”

“ಟೈಪ್ ಮಾಡ್ತಾ ಇದ್ದೇನೆ ಸರ್.”

“ಠರಾವಿನ ಕಾಪಿ ಅದಕ್ಕೆ ಲಗತ್ತಿಸು. ಧಣಿಗಳು ಎರಡು ಸಲ ಕೇಳಿದ್ರು.”

ಅಧ್ಯಕ್ಷರನ್ನು ಅವರು ಧಣಿಗಳು ಎಂದೇ ಕರೆಯುವುದು. ಎರಡು ಸಲ ಕೇಳಿದರು ಎಂಬುದು ನನ್ನ ಕಿವಿಯಲ್ಲಿ ಉಳಿಯಿತು. ಇಷ್ಟು ಅವಸರ ಯಾಕೆ?

ನೋಟಿಸು ಟೈಪ್ ಮಾಡಿದೆ. ಕಳಿಸಲಿಲ್ಲ.

ಅಷ್ಟರಲ್ಲಿ ಚಾಳಿನಲ್ಲಿ ಮಾತು ಬೆಳೆದಿತ್ತು. ಮೇಸ್ತ್ರಿ ಗೋರೆಗಾಂವ್ ಕಡೆ ಕೆಲಸ ಹಿಡಿದಿದ್ದಾನಂತೆ, ಅಲ್ಲೇ ಮನೆ ಮಾಡುತ್ತಾನಂತೆ, ನಮ್ಮನ್ನು ಮಾರಿ ತಿಂದ ಎಂದು ನಲ್ಲಿಯ ಹತ್ತಿರ ಹೆಂಗಸರು ಅವನ ಹೆಂಡತಿಗೆ ಕೇಳುವ ಹಾಗೆಯೇ ಆಡಿಕೊಂಡರು. ಅವ್ವ ಅವರ ಮನೆಗೆ ಹೋಗುವುದು ಬಿಟ್ಟಳು. ನಾನು ತಡೆಯಲಿಲ್ಲ. ನನಗೂ ಹಾಗೇ ಅನಿಸಿತ್ತು.

ಭಾನುವಾರ ಗೋರೆಗಾಂವಿಗೆ ಹೋದೆ. ಹಾಲ್ ಕಣ್ಣಾರೆ ನೋಡಬೇಕು, ಫೋಟೊ ತೆಗೆಯಬೇಕು ಎಂದು. ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಬಿಲ್ಡಿಂಗ್ ಹುಡುಕಿ, ಗೇಟಿನ ವಾಚ್‌ಮನ್‌ಗೆ “ಸಂಸ್ಥಾ ಸೇ ಆಯೀ ಹೂಂ” ಎಂದು ಒಳಗೆ ನುಗ್ಗಿದೆ. ನೆಲಮಹಡಿಯಲ್ಲಿ ದೊಡ್ಡ ಹಾಲ್. ಒಳಗೆ ಟೈಲ್ಸ್ ಕತ್ತರಿಸುವ ಮಷೀನಿನ ಕಿರುಚಾಟ, ಬಿಳಿ ಧೂಳು. ಧೂಳಿನ ನಡುವೆ ತಲೆಗೆ ಟವಲ್ ಸುತ್ತಿಕೊಂಡು ದಾರ ಹಿಡಿದು ನೆಲದ ಮಟ್ಟ ನೋಡುತ್ತಿದ್ದವನು ನಮ್ಮ ಮೇಸ್ತ್ರಿ ಕಾಕಾ.

ಸಿಕ್ಕಿಬಿದ್ದ ಎಂದುಕೊಂಡೆ. ನಿಜ ಹೇಳುತ್ತೇನೆ, ಒಳಗೊಳಗೆ ಖುಷಿಯೂ ಆಯಿತು. ಫೋನ್ ಎತ್ತಿ ಫೋಟೊ ಹೊಡೆದೆ.

ಕಾಕಾ ನನ್ನನ್ನು ನೋಡಿ ಮಷೀನು ನಿಲ್ಲಿಸಲು ಕೈ ಮಾಡಿದ. ಮುಖ ಅರಳಿತ್ತು.

“ಯವ್ವಾ, ನೀ ಇಲ್ಲಿ ಹ್ಯಾಂಗ? ಬಾ ಬಾ, ಚಪ್ಲಿ ಬಿಡಬ್ಯಾಡ, ಕಾಲಿಗೆ ಚುಚ್ಚತಾವ. ಚಾ ತರಸಲೇನು?”

“ಚಾ ಬ್ಯಾಡ ಕಾಕಾ. ಈ ಹಾಲ್ ಯಾತಕ್ಕ ಆಗಾಕತ್ತೈತಿ?”

“ಯಾವುದೋ ಆಫೀಸಂತ. ಧಣಿ ತಮ್ಮ ಬೀಗರದು, ಲಗೂ ಮಾಡಿಕೊಡು ಅಂದ್ರು. ನನಗ್ಯಾಕ ಬೇಕು, ಟೈಲ್ಸ್ ಹಾಕು ಅಂದ್ರ ಹಾಕೂದು.” ಟವಲ್ ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ಬೇರೆ ದನಿಯಲ್ಲಿ ಕೇಳಿದ. “ನೀ ಬಂದದ್ದು ಚಲೋ ಆತು. ಒಂದ ಮಾತ ಹೇಳು. ನಿಮ್ಮವ್ವ ಯಾಕ ನಮ್ಮನಿ ಕಡೆ ಬರವಲ್ಲಳು? ನನ್ನ ಹೇಣ್ತಿ ಅಳಾಕತ್ತಾಳ. ಏನ ತಪ್ಪಾತು ಅಂತ ಯಾರೂ ಬಾಯಿ ಬಿಡವಲ್ರು.”

ನನಗೆ ಸಿಟ್ಟು ಬಂತು. ನಾಟಕ ಎನಿಸಿತು. ಫೋನಿನಲ್ಲಿ ಆ ಪಿಡಿಎಫ್ ತೆರೆದು ಅವನ ಮುಖದ ಮುಂದೆ ಹಿಡಿದೆ.

“ಗ್ರೂಪಿನ್ಯಾಗ ನೋಡಿಲ್ಲೇನು? ಈ ಹಾಲ್ ಸಲುವಾಗಿ ನಮ್ಮ ಖೋಲಿ ಮುಚ್ಚೂದು ಅಂತ ಠರಾವ ಆಗೈತಿ. ಅನುಮೋದಕರು ನೀವು.”

ಅವನು ಓದಿದ. ಗ್ರೂಪಿನ ಗಂಟೆ ಬಂದ್ ಮಾಡಿಟ್ಟಿದ್ದೇನೆ, ದಿನಾ ಗುಡ್ ಮಾರ್ನಿಂಗ್ ಹೂವೇ ಬರುತ್ತವೆ ಎಂದು ಗೊಣಗುತ್ತ ಶುರು ಮಾಡಿದವನು ಮಧ್ಯಕ್ಕೆ ನಿಂತ. ಇನ್ನೊಮ್ಮೆ ಓದಿದ. ಆಮೇಲೆ ಹಾಲ್‌ನ ಗೋಡೆ, ತಾನೇ ಕೂರಿಸಿದ ಟೈಲ್ಸ್ ಎಲ್ಲವನ್ನೂ ಒಂದು ಸುತ್ತು ನೋಡಿದ.

“ಯಾವತ್ತಿನ ಸಭಾ ಇದು?”

ಹೇಳಿದೆ.

“ಅವತ್ತ ನಾ ಸ್ಲ್ಯಾಬ್ ಮ್ಯಾಲಿದ್ನಿ, ಕಾಂಕ್ರೀಟ್ ಹಾಕಾಕತ್ತಿದ್ವಿ. ಸ್ಲ್ಯಾಬ್ ಹಾಕೂ ದಿನ ಮಗಳ ಮದುವಿ ಇದ್ರೂ ಬಿಟ್ಟು ಬರಾಕ ಆಗೂದಿಲ್ಲ. ಬರಾಂಗಿಲ್ರಿ ಅಂತ ಧಣಿಗೆ ಫೋನ್ ಮಾಡಿ ಹೇಳಿದ್ನಿ.” ಫೋನ್ ನನ್ನ ಕೈಗೆ ಕೊಟ್ಟ. “ನಾ ಇಲ್ಲದ ಸಭಾದಾಗ ನಾ ಹ್ಯಾಂಗ ಹೂಂ ಅಂದ್ನಿ?”

ಹಿಂದಿನಿಂದ ಒಬ್ಬ ಕೆಲಸದವನು, ಸ್ಲ್ಯಾಬ್ ದಿನ ಜೊತೆಗಿದ್ದವನೇ ಇರಬೇಕು, “ಹೌದ್ರಿ, ಅವತ್ತ ಊಟಕ್ಕೂ ಇಳೀಲಿಲ್ಲ ಇಂವ, ನಮಗೂ ಇಳಿಯಾಕ ಬಿಡಲಿಲ್ಲ” ಎಂದ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ.

ವಾಪಸ್ ಬರುವ ಗಾಡಿಯಲ್ಲಿ ನನ್ನ ಅನುಮಾನ ಕಾಕಾನನ್ನು ಬಿಟ್ಟು ಕಾರ್ಯದರ್ಶಿಗಳ ಮೇಲೆ ಹೋಗಿ ಕೂತಿತು. ಸುಳ್ಳು ನಡಾವಳಿ. ವಿಡಿಯೊಗಳಲ್ಲಿ ಹೇಳುವುದು ಇದನ್ನೇ. ದಾದರಿನಲ್ಲಿ ಸೇತುವೆ ಹತ್ತುವಾಗ ಟ್ರಸ್ಟ್‌ಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನರ್ ಕಚೇರಿಗೆ ಬರೆಯುವ ದೂರಿನ ಮೊದಲ ಸಾಲು ಕೂಡ ಮನಸ್ಸಿನಲ್ಲಿ ತಯಾರಾಗಿತ್ತು.

ಆದರೂ ಒಮ್ಮೆ ಎದುರಿಗೆ ಕೂತು ಕೇಳೋಣ ಎನಿಸಿತು. ಕಾರ್ಯದರ್ಶಿಗಳು ಬೈಕುಲ್ಲಾದ ಹೋಟೆಲಿನಲ್ಲಿ ಸಿಕ್ಕರು. ಹಿಂದೆ ಅದೇ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು, ಈಗ ವಯಸ್ಸಾಗಿ ಸಂಸ್ಥೆಯ ಕೆಲಸವನ್ನೇ ಮಾಡುತ್ತಾರೆ. ನಾನು ಎಷ್ಟು ಖಾರವಾಗಿ ಕೇಳಿದೆನೋ ಅವರು ಅಷ್ಟು ತಣ್ಣಗೆ ಸಾಸರಿಗೆ ಕಾಫಿ ಸುರಿದುಕೊಂಡರು.

“ಮೇಸ್ತ್ರಿ ಬರ್ಲಿಲ್ಲ, ಹೌದು. ಅದಕ್ಕೇ ಹೆಸರು ಹಾಕಿದ್ದು.”

“ಅದಕ್ಕೇ ಅಂದ್ರೆ?”

“ಬಾರದವರಿಗೆ ಬೇಜಾರಾಗ್ಬಾರ್ದಲ್ವಾ? ನಮ್ಮಲ್ಲಿ ಮೊದಲಿನಿಂದ ಹಾಗೇ. ಹೋಟೆಲಿನವರಿಗೆ ಯಾವಾಗ ಗಲ್ಲಾ ಬಿಟ್ಟು ಬರ್ಲಿಕ್ಕೆ ಆಗ್ತದೆ, ಯಾವಾಗ ಆಗುದಿಲ್ಲ ಅಂತ ಉಂಟಾ? ಯಾರು ಬರ್ಲಿಲ್ವೋ ಅವರ ಹೆಸರು ಅನುಮೋದಕರು ಅಂತ ಹಾಕುದು. ಪಾಪ, ಓದಿ ಖುಷಿ ಪಡ್ತಾರೆ. ಬಂದವರಿಗೆ ಹೇಗೂ ಇಡ್ಲಿ ಸಿಗ್ತದಲ್ಲ.”

“ಸರ್, ಅನುಮೋದನೆ ಅಂದ್ರೆ ಸನ್ಮಾನ ಅಲ್ಲ!”

“ಹೌದಾ? ನಿನ್ನ ಹೆಸರೂ ಹಾಕಿದ್ದೇನೆ, ನೆನಪುಂಟಾ? ಟೀಚರಿನ ಸಂಬಳದ ಠರಾವಿಗೆ. ನೀನು ಅವತ್ತು ಬಂದಿರ್ಲಿಲ್ಲ.”

ನೆನಪಿತ್ತು. ಆ ಸಾಲನ್ನು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಇಟ್ಟುಕೊಂಡಿದ್ದೆ. ಟೈಪ್ ಮಾಡುವಾಗ, ನಾನು ಇಲ್ಲದ ಸಭೆಯಲ್ಲಿ ನನ್ನ ಹೆಸರು ಹೇಗೆ ಬಂತು ಎಂದು ಒಂದು ಕ್ಷಣವೂ ಯೋಚಿಸಿರಲಿಲ್ಲ. ಅಷ್ಟು ವಿಡಿಯೊ ನೋಡಿದವಳು.

ಏಳುವಾಗ ಕೇಳಿದೆ. “ಈ ಠರಾವಿಗೆ ಕಾಕಾನ ಹೆಸರು ಹಾಕಿ ಅಂತ ಯಾರು ಹೇಳಿದ್ದು?”

“ಧಣಿಗಳೇ. ಪಾಪ ಮೇಸ್ತ್ರಿ ಬರ್ಲಿಲ್ಲ, ಅವರ ಕಡೆಯ ವಿಷಯ, ಅವರ ಹೆಸರೇ ಇರ್ಲಿ ಅಂದ್ರು.”

ಅವರ ಕಡೆಯ ವಿಷಯ. ಈ ಮಾತನ್ನು ಎರಡು ರೀತಿ ಓದಬಹುದು. ಮೇಸ್ತ್ರಿಗೆ ಮರ್ಯಾದೆ ಕೊಟ್ಟರು ಎಂದೂ ಆಗುತ್ತದೆ. ಚಾಳಿನವರು ನಾಳೆ ಗಲಾಟೆ ಮಾಡಿದರೆ ನಿಮ್ಮವನೇ ಒಪ್ಪಿದ್ದಾನಲ್ಲ ಎನ್ನಲು ಇಟ್ಟುಕೊಂಡರು ಎಂದೂ ಆಗುತ್ತದೆ. ಅಂದಿನಿಂದ ಇಂದಿನವರೆಗೆ ನನಗೆ ಯಾವುದೆಂದು ಗೊತ್ತಾಗಿಲ್ಲ.

ದೂರು ಬರೆಯುವುದು ಬಿಟ್ಟೆ. ದೂರು ಹೋದರೆ ವಿಚಾರಣೆ ನಡೆಯುವಷ್ಟರಲ್ಲಿ ಖೋಲಿ ಕೈತಪ್ಪುತ್ತದೆ, ಸಹಿ ಹಾಕಿದ ಕಾರ್ಯದರ್ಶಿಗಳು ಈ ವಯಸ್ಸಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ನಮ್ಮ ನಿಯಮಾವಳಿಯನ್ನು ಮತ್ತೆ ತೆಗೆದು ಕೂತೆ. ಪ್ರತಿ ಸಭೆಯ ಮೊದಲ ವಿಷಯ, ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು. ನಾವು ಯಾವತ್ತೂ ಓದುವುದಿಲ್ಲ. ಅಧ್ಯಕ್ಷರು “ಆಯ್ತಲ್ವಾ?” ಎನ್ನುತ್ತಾರೆ, ಎಲ್ಲರೂ ಆಯ್ತು ಎನ್ನುತ್ತಾರೆ, ಇಡ್ಲಿ ಬರುತ್ತದೆ. ಓದಿದರೆ ಅಲ್ಲಿಯೇ ತಿದ್ದಬಹುದು. ಅಲ್ಲಿಯವರೆಗೆ ನೋಟಿಸು ನನ್ನ ಲ್ಯಾಪ್‌ಟಾಪಿನಲ್ಲೇ ಇರಲಿ ಎಂದು ನಿರ್ಧರಿಸಿದೆ. ದೃಢೀಕರಣವಾಗದ ಠರಾವನ್ನು ಲಗತ್ತಿಸಿ ಕಳಿಸುವುದಿಲ್ಲ ಎಂದು ಕಾರ್ಯದರ್ಶಿಗಳಿಗೆ ಮೆಸೇಜ್ ಹಾಕಿದೆ. ಓದಿದರೆಂಬ ಎರಡು ನೀಲಿ ಗೆರೆ ಮಾತ್ರ ಬಂದವು.

ತೊಂದರೆ ಇದ್ದದ್ದು ಕಾಕಾನ ಕಡೆಯಿಂದ. ಸಭೆಯ ಹಿಂದಿನ ಸಂಜೆ ಅವನ ಮನೆಗೆ ಹೋದೆ.

“ಧಣಿಯ ಎದುರಿಗೆ ನಾ ಒಪ್ಪಿಲ್ಲ ಅಂದ್ರ ಅವರನ್ನ ಸುಳ್ಳ ಮಾಡಿದಂಗ ಆಗತೈತಿ,” ಎಂದ. “ಅವರ ಹೋಟೆಲಿನ ಅಡಗಿಮನಿ ಟೈಲ್ಸ್ ಕೆಲಸ ಮುಂದಿನ ತಿಂಗಳ ನನಗ ಕೊಡ್ತೀನಿ ಅಂದಾರ. ಹದಿನೈದ ಮಂದಿಗೆ ಕೂಲಿ.”

ಒಳಗೆ ಅವನ ಮಗಳು ಪುಸ್ತಕ ಚೀಲಕ್ಕೆ ತುಂಬಿಕೊಂಡು ಖೋಲಿಗೆ ಹೊರಟಿದ್ದಳು. ಬಾಗಿಲಲ್ಲಿ ನಿಂತು, “ದೀದಿ, ಖೋಲಿ ಬಂದ್ ಹೋಗಾ ಕ್ಯಾ?” ಎಂದಳು. ಅಪ್ಪನನ್ನು ನೋಡಲಿಲ್ಲ. ನೀ ಹೋಗಿ ಓದು ಎಂದೆ. ನಾಳೆ ಏನು ಹೇಳುತ್ತೀರಿ ಎಂದು ಕಾಕಾನನ್ನು ಕೇಳುವ ಧೈರ್ಯ ಆಗಲಿಲ್ಲ.

ಸಭೆಗೆ ರಜೆ ಹಾಕಿ ಹೋದೆ. ಕಾಕಾ ನನಗಿಂತ ಮೊದಲೇ ಬಂದು ಇಸ್ತ್ರಿ ಅಂಗಿ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಅಧ್ಯಕ್ಷರು ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದರು. ಕಾಕಾನ ಹೆಗಲ ಮೇಲೆ ಕೈಯಿಟ್ಟು “ಏನು ಮೇಸ್ತ್ರಿಗಳೇ, ಗೋರೆಗಾಂವ್ ಫಸ್ಟ್ ಕ್ಲಾಸ್ ಮಾಡಿದ್ದೀರಂತೆ!” ಎಂದರು. ಕೆಳಗಿನಿಂದ ಸಾಂಬಾರಿನ ಘಮ ಬರುತ್ತಿತ್ತು.

“ಹಿಂದಿನ ನಡಾವಳಿ. ಆಯ್ತಲ್ವಾ?” ಎಂದರು.

“ಆಯ್ತು ಆಯ್ತು” ಎಂದವು ಕುರ್ಚಿಗಳು.

“ಸರ್, ಓದಬೇಕು,” ಎಂದೆ.

“ಎಂತದು? ಗ್ರೂಪಿಗೆ ನೀನೇ ಹಾಕಿದ್ದೀಯಲ್ಲ ಮಾರಾಯ್ತಿ.” ಅಧ್ಯಕ್ಷರು ನನ್ನ ಕಡೆ ತಿರುಗಿದರು.

“ನಿಯಮದಲ್ಲಿ ಓದಿ ದೃಢೀಕರಿಸಬೇಕು ಅಂತ ಇದೆ ಸರ್.”

“ಇವಳು ವಕೀಲೆ ಆಗ್ಬೇಕಿತ್ತು,” ಎಂದರು ಅಧ್ಯಕ್ಷರು. ನಗು ಎದ್ದಿತು. “ಓದಿ ಮಾರಾಯ್ರೆ, ಇಡ್ಲಿ ತಣ್ಣಗಾಗ್ತದೆ.”

ಕಾರ್ಯದರ್ಶಿಗಳು ಓದಿದರು. ಅನುಮೋದಕರು ಎಂಬಲ್ಲಿಗೆ ಬಂದಾಗ ನನ್ನ ಕಡೆ ಒಮ್ಮೆ ನೋಡಿ, ಕಾಕಾನ ಹೆಸರನ್ನು ಪೂರ್ತಿ, ಊರಿನ ಸಮೇತ, ನಿಧಾನವಾಗಿ ಓದಿದರು.

ಎಲ್ಲರೂ ಕಾಕಾನ ಕಡೆ ತಿರುಗಿದರು. ಅವನು ಮೊಣಕಾಲ ಮೇಲಿನ ಕೈಗಳನ್ನು ನೋಡುತ್ತಿದ್ದ. ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟು. ಹೇಳುವುದಿಲ್ಲ, ಮುಗಿಯಿತು ಎಂದುಕೊಂಡೆ. ಆಗ ಎದ್ದು ನಿಂತ.

“ಧಣಿ, ನನ್ನ ಹೆಸರ ಹಾಕಿದ್ದು ನಿಮ್ಮ ದೊಡ್ಡ ಮನಸು. ನಾ ಅವತ್ತ ಬಂದಿದ್ದಿಲ್ಲ. ನನ್ನ ಹೂಂ ಯಾರೂ ಕೇಳಿದ್ದಿಲ್ಲ. ಇವತ್ತ ಬಂದೀನಿ. ಇವತ್ತ ಕೇಳ್ರಿ.”

“ಏನು ಕೇಳ್ಬೇಕು ಮೇಸ್ತ್ರಿಗಳೇ?”

“ಅನುಮೋದನಿ ಐತೇನು ಅಂತ ಕೇಳ್ರಿ.”

ಅಧ್ಯಕ್ಷರ ನಗು ಮುಖದಲ್ಲೇ ಇತ್ತು, ಆದರೆ ಕಣ್ಣು ನನ್ನ ಮೇಲೆ ಬಂದು ಹೋಯಿತು. “ಆಯ್ತು. ಕೇಳಿದೆ. ಅನುಮೋದನೆ ಉಂಟಾ?”

“ಇಲ್ರಿ.”

ಇಷ್ಟೇ ಹೇಳಿ ಕೂತ. ಕಾರಣ ಹೇಳಲಿಲ್ಲ, ಮಗಳ ಹೆಸರು ಎತ್ತಲಿಲ್ಲ, ನಮ್ಮ ಚಾಳಿನ ಕಷ್ಟ ವರ್ಣಿಸಲಿಲ್ಲ.

ಅಧ್ಯಕ್ಷರು ಮೇಜಿನ ಸುತ್ತ ನೋಡಿದರು. “ಬೇರೆ ಯಾರಾದ್ರೂ ಅನುಮೋದಿಸುವವರು?”

ಬೇರೆ ದಿನವಾಗಿದ್ದರೆ ಯಾರಾದರೂ ಹೂಂ ಎನ್ನುತ್ತಿದ್ದರು. ಅವತ್ತು ಕಾಕಾ ಎದುರಿಗೇ ಕೂತಿದ್ದ. ಅವನ ಮುಖ ನೋಡಿಕೊಂಡು ಅವನ ಮಗಳ ಖೋಲಿ ಮುಚ್ಚಿ ಎಂದು ತಮ್ಮ ಬಾಯಿಯಿಂದ ಹೇಳಬೇಕಿತ್ತು. ಒಬ್ಬರು ಫೋನ್ ತಿರುವಿದರು. ಒಬ್ಬರು ಕನ್ನಡಕ ಒರೆಸಿದರು. ಬೇರೆ ಯಾರೂ ವಿರೋಧ ಮಾಡಲಿಲ್ಲ, ಅನುಮೋದನೆಯೂ ಬರಲಿಲ್ಲ. ಅನುಮೋದಕರಿಲ್ಲದ ಠರಾವು ಬಿದ್ದುಹೋಗುತ್ತದೆ. ಕಾರ್ಯದರ್ಶಿಗಳು ಪೆನ್ನಿನ ಟೋಪಿ ತೆಗೆದು ಆ ಸಾಲಿನ ಮೇಲೆ ಗೀಟು ಎಳೆದು ಸಹಿ ಹಾಕಿದರು. ಆಮೇಲೆ ಇಡ್ಲಿ ಬಂತು. ಅಧ್ಯಕ್ಷರು ತಾವೇ ಕಾಕಾನ ತಟ್ಟೆಗೆ ಚಟ್ನಿ ಬಡಿಸಿ, “ತಿನ್ನಿ ಮೇಸ್ತ್ರಿಗಳೇ, ಸಂಕೋಚ ಬೇಡ” ಎಂದರು. ಆ ದನಿಯಲ್ಲಿ ಏನಿತ್ತೆಂದು ಹುಡುಕಿದೆ. ಸಿಗಲಿಲ್ಲ.

ಖೋಲಿ ಉಳಿಯಿತು. ಅವ್ವ ಸಜ್ಜಿ ರೊಟ್ಟಿ ಕಟ್ಟಿಕೊಂಡು ಕಾಕಾನ ಮನೆಗೆ ಹೋದಳು. ಏನು ಮಾತಾಡಿದರೋ, ಇಬ್ಬರು ಹೆಂಗಸರೂ ಅತ್ತರಂತೆ. ಅಡುಗೆಮನೆಯ ಟೈಲ್ಸ್ ಕೆಲಸ ಮಾತ್ರ ಬೇರೆ ಕಾಂಟ್ರ್ಯಾಕ್ಟರಿಗೆ ಹೋಯಿತು. ಅವನ ರೇಟು ಕಡಿಮೆ ಇತ್ತು ಎಂದು ಅಧ್ಯಕ್ಷರು ಹೇಳಿದರಂತೆ. ಇರಬಹುದು. ಕಾಕಾ ಅದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಗ್ರೂಪಿನ ಗಂಟೆಯನ್ನು ಮಾತ್ರ ಚಾಲೂ ಮಾಡಿಕೊಂಡಿದ್ದಾನೆ.

ನಾನು ಒಂದು ಹೊಸ ನಿಯಮದ ಕರಡು ಬರೆದು ಕಳಿಸಿದೆ. ಸಭೆಯಲ್ಲಿ ಹಾಜರಿದ್ದು ತಾವೇ ಬಾಯಿಬಿಟ್ಟು ಹೇಳಿದವರ ಹೆಸರನ್ನು ಮಾತ್ರ ಸೂಚಕರು, ಅನುಮೋದಕರು ಎಂದು ಬರೆಯಬೇಕು. ಮುಂದಿನ ಸಭೆಯ ದಿನ ಆಫೀಸಿನಲ್ಲಿ ತಿಂಗಳ ಕೊನೆಯ ಲೆಕ್ಕ, ಹೋಗಲು ಆಗಲಿಲ್ಲ. ಸಂಜೆ ಕಾರ್ಯದರ್ಶಿಗಳ ಫೋಟೊ ಬಂತು. ಟೈಪ್ ಮಾಡಲು ಕೂತೆ. ಈ ಸಲ ಒಂದೊಂದು ಸಾಲನ್ನೂ ಓದುತ್ತ ಟೈಪ್ ಮಾಡಿದೆ. ಹೊಸ ನಿಯಮ ಸರ್ವಾನುಮತದಿಂದ ಅಂಗೀಕಾರ. ಸೂಚಕರು, ಅಧ್ಯಕ್ಷರು. ಅನುಮೋದಕರು ಎಂಬಲ್ಲಿ ನನ್ನ ಹೆಸರು.

ಫೋನ್ ಮಾಡಿದೆ. “ಸರ್, ನಾನು ಬಂದೇ ಇರಲಿಲ್ಲ!”

“ಹೌದು. ಧಣಿಗಳೇ ಹೇಳಿದ್ರು, ಪಾಪ ಅವಳು ಬರ್ಲಿಲ್ಲ, ಅವಳ ಹೆಸರೇ ಹಾಕಿ, ಅವಳಿಗೆ ಖುಷಿಯಾಗ್ತದೆ ಅಂತ.”

“ನಿಜವಾಗಿ ಅನುಮೋದಿಸಿದ್ದು ಯಾರು?”

ಲೋಟಗಳ ಸದ್ದಿನ ನಡುವೆ ಅವರ ದನಿ ಬಂತು. “ಯಾರೂ ಕೇಳ್ಲಿಲ್ಲ ಮಾರಾಯ್ತಿ. ಇಡ್ಲಿ ಬಂತು.”

ನನ್ನ ಹೆಸರು ಅಳಿಸಿದೆ. ಆ ಜಾಗ ಖಾಲಿ ಬಿಟ್ಟು ಫೈಲ್ ಉಳಿಸಿದೆ. ಗ್ರೂಪಿಗೆ ಹಾಕಲಿಲ್ಲ. ಮುಂದಿನ ಸಭೆಗೆ ರಜೆ ಬೇಕೆಂದು ಆಫೀಸಿಗೆ ಆಗಲೇ ಮೇಲ್ ಬರೆದೆ. ಆಮೇಲೆ ಕಾಕಾನಿಗೆ ಫೋನ್ ಮಾಡಿ, ಆ ಸಭೆಯ ದಿನ ಎಲ್ಲಿಯೂ ಸ್ಲ್ಯಾಬ್ ಇಟ್ಟುಕೊಳ್ಳಬೇಡಿ ಎಂದೆ.